403ರಲ್ಲಿ 187 ಕಳೆಯೋದು ನಿಮಗೆ ಗೊತ್ತು, ಕಲಿಸೋದು ಗೊತ್ತಾ?

ಮೂರನೇ ಕ್ಲಾಸಿನ ಒಂದು ಲೆಕ್ಕ ತಗೊಳ್ಳಿ. 403ರಲ್ಲಿ 187 ಕಳೆದರೆ ಎಷ್ಟು? ಉತ್ತರ 216. ಇದನ್ನು ಓದ್ತಿರೋ ಎಲ್ಲರಿಗೂ ಇಷ್ಟು ಬರುತ್ತೆ.

ಈಗ ಇದೇ ಲೆಕ್ಕವನ್ನು ಮೂರು ಮಕ್ಕಳು ಮಾಡಿ ಸ್ಲೇಟು ತಂದು ನಿಮ್ಮ ಮುಂದೆ ಹಿಡಿದಿದ್ದಾರೆ ಅಂದುಕೊಳ್ಳಿ. ಮೊದಲನೇ ಮಗುವಿನ ಉತ್ತರ 384. ಎರಡನೇ ಮಗುವಿನ ಉತ್ತರ 126. ಮೂರನೇ ಮಗು ನೀವು ಹೇಳಿಕೊಟ್ಟ ಹಾಗೆ ಮಾಡಿಯೇ ಇಲ್ಲ. ಸೀದಾ 416ರಲ್ಲಿ 200 ಕಳೆದು 216 ಅಂತ ಬರೆದಿದೆ. ಈ ಮೂವರೂ ತಲೆಯಲ್ಲಿ ಏನು ಮಾಡಿದ್ರು? ಯಾರಿಗೆ ಏನು ಹೇಳ್ತೀರಿ? ಯೋಚನೆ ಮಾಡೋಕೆ ನಿಮಗಿರೋದು ಹತ್ತು ಸೆಕೆಂಡು, ಯಾಕಂದ್ರೆ ಹಿಂದೆ ಇನ್ನೂ 25 ಮಕ್ಕಳು ಸ್ಲೇಟು ಹಿಡಿದು ನಿಂತಿದ್ದಾರೆ.

ಮೊದಲನೇ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದಿದೆ. 7ರಲ್ಲಿ 3 ಹೋದರೆ 4, 8ರಲ್ಲಿ 0 ಹೋದರೆ 8, 4ರಲ್ಲಿ 1 ಹೋದರೆ 3. ಎರಡನೇ ಮಗುವಿಗೆ ಪಕ್ಕದಿಂದ ದಶಕ ತಗೊಳ್ಳಬೇಕು ಅನ್ನೋದು ಗೊತ್ತಿದೆ. ಆದರೆ ಪಕ್ಕದಲ್ಲಿ ಸೊನ್ನೆ ಇದೆ. ಹಾಗಾಗಿ ಅದನ್ನು ಹಾರಿ ನೂರರ ಮನೆಯಿಂದಲೇ ಒಂದು ತಂದು 3ನ್ನು 13 ಮಾಡಿಕೊಂಡಿದೆ. ಆಮೇಲೆ ಹತ್ತರ ಮನೆಗೂ ಅಲ್ಲಿಂದಲೇ ಇನ್ನೊಂದು ತಂದಿದೆ. ಈ ಮಗುವಿನ ತೊಂದರೆ ಕಳೆಯೋದರಲ್ಲಿ ಇಲ್ಲ. ಒಂದು ನೂರು ಅಂದರೆ ಹತ್ತು ಹತ್ತುಗಳು ಅನ್ನೋದರಲ್ಲಿ ಇದೆ. ಮೂರನೇ ಮಗು ಎರಡೂ ಸಂಖ್ಯೆಗೆ 13 ಸೇರಿಸಿದೆ. ಎರಡಕ್ಕೂ ಒಂದೇ ಮೊತ್ತ ಕೂಡಿಸಿದರೆ ನಡುವಿನ ಅಂತರ ಬದಲಾಗೋದಿಲ್ಲ ಅನ್ನೋದು ಆ ಮಗುವಿಗೆ ಹೊಳೆದಿದೆ. ‘ನಾನು ಹೇಳಿಕೊಟ್ಟ ಹಾಗೆ ಮಾಡಿಲ್ಲ’ ಅಂತ ಅದಕ್ಕೆ ಅಡ್ಡಗೆರೆ ಎಳೆದರೆ, ಆ ದಿನ ಕ್ಲಾಸಿನಲ್ಲಿ ನಡೆದ ಅತ್ಯಂತ ಗಣಿತದ ಕೆಲಸಕ್ಕೇ ಅಡ್ಡಗೆರೆ ಎಳೆದ ಹಾಗೆ.

ಉತ್ತರ ತಪ್ಪು ಅಂತ ಹೇಳೋಕೆ ಕ್ಯಾಲ್ಕುಲೇಟರ್ ಸಾಕು. ತಪ್ಪಿನ ಒಳಗೆ ಯಾವ ತರ್ಕ ಇದೆ ಅಂತ ನೋಡೋಕೆ, ಮುಂದಿನ ಪ್ರಶ್ನೆ ಯಾವುದು ಕೇಳಬೇಕು ಅಂತ ನಿರ್ಧರಿಸೋಕೆ ಬೇರೆಯದೇ ಒಂದು ತಿಳಿವಳಿಕೆ ಬೇಕು. ಅದು ಇಂಜಿನಿಯರಿಂಗ್ ಓದಿದರೆ ಬರೋದಿಲ್ಲ. ನಾನು ನಾಲ್ಕು ಸೆಮಿಸ್ಟರ್ ಗಣಿತ ಓದಿ ಪಾಸಾದವನು; ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಿಡಿಸೋಕೆ ಕಲಿಸಿದರು, 384 ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಬರೀ ಮಕ್ಕಳ ಮೇಲಿನ ಪ್ರೀತಿಯಿಂದಲೂ ಅದು ಬರೋದಿಲ್ಲ. ಈ ತಿಳಿವಳಿಕೆಗೆ ಒಂದು ಹೆಸರು ಕೊಟ್ಟು, ಅದನ್ನು ಅಳೆದು, ಕಲಿಸಬಹುದು ಅಂತ ವಾದಿಸುತ್ತಾ ಹೆಚ್ಚೂಕಮ್ಮಿ ಐವತ್ತು ವರ್ಷ ಕಳೆದವರು ಅಮೆರಿಕದ ಡೆಬೊರಾ ಲೋವೆನ್‌ಬರ್ಗ್ ಬಾಲ್. ಶಾಲೆಗಳ ಬಗ್ಗೆ ನಾವು ಮಾಡುವ ರಾಜಕೀಯ ಚರ್ಚೆಯಲ್ಲಿ ಪೂರ್ತಿ ಬಿಟ್ಟುಹೋಗಿರುವ ಒಂದು ತುಂಡು ಇವರ ಕೆಲಸದಲ್ಲಿದೆ. ಅದಕ್ಕೇ ಈ ಲೇಖನ.

ಫ್ರೆಂಚ್ ಓದಿ ಬಂದ ಟೀಚರ್

ಬಾಲ್ ಗಣಿತದವರಲ್ಲ. ಕಾಲೇಜಿನಲ್ಲಿ ಓದಿದ್ದು ಫ್ರೆಂಚ್. 1975ರಲ್ಲಿ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಊರಿನ ಸ್ಪಾರ್ಟನ್ ವಿಲೇಜ್ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿ ಸೇರಿದರು. ಅದು ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದೋಕೆ ಸಂಸಾರ ಸಮೇತ ಬಂದವರ ವಸತಿ ಪ್ರದೇಶದ ಶಾಲೆ. ಆಫ್ರಿಕಾ, ಏಷ್ಯಾದ ಹಲವು ದೇಶಗಳ ಮಕ್ಕಳು ಒಂದೇ ಕೋಣೆಯಲ್ಲಿ. ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಇನ್ನೂ ಬಾಯಿಗೆ ಹತ್ತಿರಲಿಲ್ಲ.

ಓದು, ಬರಹ, ವಿಜ್ಞಾನ ಹೇಗೋ ನಡೀತಿತ್ತು. ಗಣಿತ ಮಾತ್ರ ಮಕ್ಕಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇದಕ್ಕೆ ಬಾಲ್ ಮಕ್ಕಳನ್ನು ಬೈಯಲಿಲ್ಲ. ಅದೇ ಯೂನಿವರ್ಸಿಟಿಗೆ ಹೋಗಿ ಬೀಜಗಣಿತದಿಂದ ಶುರುಮಾಡಿ ಕ್ಯಾಲ್ಕುಲಸ್‌ವರೆಗೆ ಗಣಿತದ ಕೋರ್ಸುಗಳನ್ನು ತಾವೇ ಓದಿದರು. ಇನ್ನೊಂದು ಕಡೆ, ಪಾಠ ಮಾಡೋದು ಬಿಡದೆ ಪಾಠ ಮಾಡೋದರ ಬಗ್ಗೆಯೇ ಸಂಶೋಧನೆ ಶುರುಮಾಡಿದರು. 1988ರಲ್ಲಿ ಪಿಎಚ್‌ಡಿ ಮುಗಿಯಿತು. ಸಂಶೋಧಕರಾದ ಮೇಲೂ ದಿನಾ ಅದೇ ಶಾಲೆಗೆ ಹೋಗಿ ಮೂರನೇ ಕ್ಲಾಸಿಗೆ ಗಣಿತದ ಪಾಠ ಮಾಡ್ತಿದ್ದರು.

ಇದನ್ನು ಗಮನಿಸಿ. ಶಿಕ್ಷಣದ ಬಗ್ಗೆ ವರದಿ ಬರೆಯುವ ಬಹಳಷ್ಟು ಜನ ಕ್ಲಾಸ್‌ರೂಮಿನಿಂದ ಹೊರಗೆ ಬಂದು ಬರೀತಾರೆ. ಇವರು ಒಳಗೆ ನಿಂತು ಬರೆದರು.

ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ

ಪಿಎಚ್‌ಡಿ ಕಾಲದಲ್ಲಿ, ಟೀಚರ್ ಆಗಲು ಓದುತ್ತಿದ್ದವರಿಗೆ ಬಾಲ್ ಒಂದು ಪ್ರಶ್ನೆ ಕೇಳಿದರು. 1¾ ÷ ½ ಎಷ್ಟು? ಅದಕ್ಕೊಂದು ಕಥೆ ಹೇಳಿ, ಅಂದರೆ ಜೀವನದಲ್ಲಿ ಈ ಲೆಕ್ಕ ಬೇಕಾಗುವ ಒಂದು ಸಂದರ್ಭ ಕೊಡಿ.

ಮೊದಲ ಭಾಗ ಸುಲಭ. ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು. ಉತ್ತರ 3½. ಬಹುಪಾಲು ಜನ ಇಲ್ಲಿವರೆಗೆ ಬಂದರು. ಕಥೆ ಹೇಳಿ ಅಂದಾಗ ಹೆಚ್ಚಿನವರಿಗೆ ಆಗಲಿಲ್ಲ.

ನೀವೂ ಪ್ರಯತ್ನ ಮಾಡಿ ನೋಡಿ. ‘ಒಂದೂಮುಕ್ಕಾಲು ಲೀಟರ್ ಹಾಲನ್ನು ಇಬ್ಬರಿಗೆ ಅರ್ಧರ್ಧ ಹಂಚಿದರೆ?’ ಅಂತ ಬಾಯಿಗೆ ಬಂದರೆ ನಿಲ್ಲಿಸಿ. ಅದು ಎರಡರಿಂದ ಭಾಗಿಸಿದ್ದು, ಅರ್ಧದಿಂದ ಅಲ್ಲ. ಅರ್ಧ ಮಾಡೋದು ಬೇರೆ, ಅರ್ಧದಿಂದ ಭಾಗಿಸೋದು ಬೇರೆ. ಸರಿಯಾದ ಕಥೆ ಹೀಗಿರಬಹುದು: ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು ತುಂಬಬಹುದು? ಮೂರು ಪ್ಯಾಕೆಟ್ ತುಂಬುತ್ತೆ, ಕಾಲು ಲೀಟರ್ ಉಳಿಯುತ್ತೆ.

ಅಲ್ಲೇ ಒಂದು ಚೂಟಿ ಮಗು ಎದ್ದು ನಿಂತು ಕೇಳುತ್ತೆ: ‘ಮಿಸ್, ಉಳಿದಿದ್ದು ಕಾಲು, ಆದರೆ ಉತ್ತರದಲ್ಲಿ ಅರ್ಧ ಯಾಕಿದೆ?’ ಒಳ್ಳೇ ಪ್ರಶ್ನೆ. ಉಳಿದದ್ದು ಕಾಲು ಲೀಟರ್, ಆದರೆ ಅದು ಅರ್ಧ ಪ್ಯಾಕೆಟ್. ಲೆಕ್ಕದ ಮಾನ ಲೀಟರಿನಿಂದ ಪ್ಯಾಕೆಟ್ಟಿಗೆ ಬದಲಾಗಿದೆ. ‘ತಲೆಕೆಳಗು ಮಾಡಿ ಗುಣಿಸು’ ಅನ್ನೋದಷ್ಟೇ ಗೊತ್ತಿರುವ ಟೀಚರ್ ಹತ್ತಿರ ಈ ಪ್ರಶ್ನೆಗೆ ‘ರೂಲ್ ಹಾಗೇ ಇದೆ, ಬರ್ಕೋ’ ಅನ್ನೋದು ಬಿಟ್ಟರೆ ಬೇರೆ ಉತ್ತರ ಇರೋದಿಲ್ಲ. ನಮ್ಮಲ್ಲಿ ಎಷ್ಟೋ ಜನ ಗಣಿತಕ್ಕೆ ಕೈಮುಗಿದದ್ದು ಇಂಥದೇ ಒಂದು ‘ಬರ್ಕೋ’ ಆದ ಮೇಲೆ.

ಶಾಂಘೈನಿಂದ ಹಳ್ಳಿಗೆ, ಹಳ್ಳಿಯಿಂದ ಅಮೆರಿಕಕ್ಕೆ

ಇದೇ ಪ್ರಶ್ನೆಯನ್ನು ಲಿಪಿಂಗ್ ಮಾ ಎತ್ತಿಕೊಂಡರು. ಅವರದ್ದೇ ಒಂದು ಕಥೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಶಾಂಘೈನ ಶಾಲಾ ವಿದ್ಯಾರ್ಥಿನಿಯಾಗಿದ್ದ ಮಾ ಅವರನ್ನು ಹಳ್ಳಿಗೆ ಕಳಿಸಲಾಯಿತು. ಹಳ್ಳಿಯವರು ಮಕ್ಕಳಿಗೆ ಪಾಠ ಮಾಡು ಅಂದರು, ಟೀಚರ್ ಆದರು. ಮುಂದೆ ಅಮೆರಿಕಕ್ಕೆ ಬಂದು ಮಿಷಿಗನ್ ಸ್ಟೇಟ್‌ನಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದರು. ಬಾಲ್ ರೂಪಿಸಿದ್ದ ಪ್ರಶ್ನೆಗಳನ್ನೇ ಚೀನಾದ 72 ಪ್ರಾಥಮಿಕ ಶಿಕ್ಷಕರಿಗೆ ಕೇಳಿ, ಅಮೆರಿಕದ 23 ಶಿಕ್ಷಕರ ಉತ್ತರಗಳ ಜೊತೆ ಇಟ್ಟು ನೋಡಿದರು. 1999ರಲ್ಲಿ ಅದು ಪುಸ್ತಕವಾಯಿತು.

ಒಂದೂಮುಕ್ಕಾಲಿನ ಲೆಕ್ಕದಲ್ಲಿ ಅಮೆರಿಕದ ಶಿಕ್ಷಕರ ಪೈಕಿ ಪೂರ್ತಿ ಸರಿಯಾಗಿ ಬಿಡಿಸಿದವರು ಅರ್ಧಕ್ಕಿಂತ ಕಡಿಮೆ. ತಾತ್ವಿಕವಾಗಿ ಸರಿಯಾದ ಕಥೆ ಕಟ್ಟಿದವರು ಒಬ್ಬರೇ ಒಬ್ಬರು. ಚೀನಾದ 72 ಜನರೂ ಲೆಕ್ಕ ಸರಿ ಮಾಡಿದರು. 65 ಜನ ಸರಿಯಾದ ಕಥೆ ಕಟ್ಟಿದರು, ಅದೂ ಬೇರೆ ಬೇರೆ ಬಗೆಯ ಕಥೆಗಳನ್ನು. ಇದು ಸಣ್ಣ ಅಧ್ಯಯನ. ಇಡೀ ಎರಡು ದೇಶಗಳ ಬಗ್ಗೆ ಇದರಿಂದ ತೀರ್ಪು ಕೊಡೋಕಾಗಲ್ಲ. ಆದರೂ ಇದರಲ್ಲಿ ಯೋಚನೆಗೆ ಹಚ್ಚುವ ಒಂದು ವಿಷಯ ಇದೆ: ಅಮೆರಿಕದ ಶಿಕ್ಷಕರೆಲ್ಲ ಡಿಗ್ರಿ ಓದಿದವರು. ಚೀನಾದವರಲ್ಲಿ ಹೆಚ್ಚಿನವರು ಒಂಬತ್ತನೇ ತರಗತಿ ಮುಗಿಸಿ, ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಮಾಡಿಕೊಂಡು ಬಂದವರು.

ಹಾಗಾದರೆ ಅವರಿಗೆ ಈ ತಿಳಿವಳಿಕೆ ಬಂದದ್ದು ಎಲ್ಲಿಂದ? ಮಾ ಕೊಟ್ಟ ಉತ್ತರ: ಕೆಲಸದ ಜಾಗದಿಂದಲೇ. ಆ ಶಿಕ್ಷಕರು ಒಂದೇ ಕೋಣೆಯಲ್ಲಿ ಕೂತು ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಓದ್ತಿದ್ದರು. ಈ ಲೆಕ್ಕ ಇಲ್ಲೇ ಯಾಕೆ ಬಂತು, ಇದನ್ನು ಎಷ್ಟು ರೀತಿ ಬಿಡಿಸಬಹುದು, ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಒಬ್ಬರಿಗೊಬ್ಬರು ಮಾತಾಡ್ತಿದ್ದರು. ಅದಕ್ಕೆ ಅಂತಲೇ ಶಾಲೆಯಲ್ಲಿ ಗುಂಪುಗಳಿದ್ದವು, ದಿನದಲ್ಲಿ ಸಮಯವೂ ಇತ್ತು. ಡಿಗ್ರಿ ಸರ್ಟಿಫಿಕೇಟು ಕೊಡದ್ದನ್ನು ಆ ಕೋಣೆ ಕೊಟ್ಟಿತು.

6 ಸಮವೂ ಹೌದು, ಬೆಸವೂ ಹೌದು!

1989-90ರಲ್ಲಿ ಬಾಲ್ ತಮ್ಮ ಮೂರನೇ ಕ್ಲಾಸಿನ ಗಣಿತ ಪಾಠವನ್ನು ಇಡೀ ವರ್ಷ ದಾಖಲಿಸಿದರು. ವಿಡಿಯೋ, ಮಕ್ಕಳ ನೋಟ್‌ಬುಕ್ಕು, ತಮ್ಮ ದಿನಚರಿ, ಎಲ್ಲವನ್ನೂ. ಅದರಲ್ಲಿ 1990ರ ಜನವರಿ 19ರ ಕೆಲವು ನಿಮಿಷಗಳು ಶಿಕ್ಷಣ ಸಂಶೋಧನೆಯ ಲೋಕದಲ್ಲಿ ಇವತ್ತಿಗೂ ಜಗಳ ಹಚ್ಚುತ್ತವೆ.

ಸಮ ಸಂಖ್ಯೆ, ಬೆಸ ಸಂಖ್ಯೆಯ ಪಾಠ. ಶಾನ್ ಅಂತ ಒಬ್ಬ ಹುಡುಗ (ಬರಹದಲ್ಲಿ ಮಕ್ಕಳಿಗೆಲ್ಲ ಬೇರೆ ಹೆಸರು ಇಟ್ಟಿದ್ದಾರೆ) ಒಂದು ಮಾತು ಹೇಳಿದ. 6 ಸಮವೂ ಆಗಬಹುದು, ಬೆಸವೂ ಆಗಬಹುದು. ಯಾಕೆ? ಯಾಕಂದ್ರೆ 6ರಲ್ಲಿ ಮೂರು ಎರಡುಗಳಿವೆ, ಮೂರು ಬೆಸ ಸಂಖ್ಯೆ.

ನೀವಾಗಿದ್ರೆ ಏನು ಮಾಡ್ತಿದ್ರಿ? ‘ತಪ್ಪು, ಕೂತ್ಕೋ, 6 ಸಮ ಸಂಖ್ಯೆ’ ಅಂದಿದ್ದರೆ ಮೂರು ಸೆಕೆಂಡಿನಲ್ಲಿ ಮುಗೀತಿತ್ತು. ಬಾಲ್ ಹಾಗೆ ಹೇಳಲಿಲ್ಲ, ಮಾತನ್ನು ಕ್ಲಾಸಿನ ಮುಂದಿಟ್ಟರು. ಮೇಯ್ ಅನ್ನುವ ಹುಡುಗಿ ಎದ್ದಳು. ಶಾನ್ ಏನು ಹೇಳ್ತಿದ್ದಾನೆ ಅಂತ ಮೊದಲು ತನ್ನ ಮಾತಲ್ಲಿ ಬಿಡಿಸಿ ಹೇಳಿದಳು. ಆಮೇಲೆ ಹೊಡೆತ ಕೊಟ್ಟಳು: ಹಾಗಾದರೆ 10ರಲ್ಲೂ ಐದು ಎರಡುಗಳಿವೆ, ಅದನ್ನೂ ಹಾಗೇ ಕರೀಬೇಕಲ್ಲ? ಹೀಗೇ ಹೋದರೆ ಯಾವ ಸಂಖ್ಯೆಯನ್ನು ಏನಂತ ಕರೀಬೇಕು ಅನ್ನೋದೇ ಉಳಿಯಲ್ಲ! ಶಾನ್ ಸೋಲಲಿಲ್ಲ. 10ರ ಬಗ್ಗೆ ತಾನು ಯೋಚಿಸಿರಲಿಲ್ಲ, ಹೇಳಿದ್ದಕ್ಕೆ ಥ್ಯಾಂಕ್ಸ್, ಅದೂ ಹಾಗೇ ಅಂತ ಒಪ್ಪಿಕೊಂಡ.

ಇನ್ನೊಬ್ಬ ಹುಡುಗಿ ಬೋರ್ಡಿಗೆ ಬಂದು ಗೆರೆ ಎಳೆದು, ಎರಡೆರಡಾಗಿ ಸುತ್ತು ಹಾಕಿ, ಕೊನೆಗೆ ಒಂದು ಉಳಿದರೆ ಬೆಸ, ಉಳಿಯದಿದ್ದರೆ ಸಮ ಅಂತ ತೋರಿಸಿದಳು. ಎಂಟು ವರ್ಷದ ಮಕ್ಕಳು ಅವತ್ತು ಮಾಡಿದ್ದು ಏನಂದ್ರೆ, ಒಂದು ವ್ಯಾಖ್ಯೆ ಯಾಕೆ ಬೇಕು ಅಂತ ಕಂಡುಕೊಂಡದ್ದು. ಟೀಚರ್ ಹೇಳಿದರು ಅಂತಲೋ ಪುಸ್ತಕದಲ್ಲಿದೆ ಅಂತಲೋ ಅವರು ಒಪ್ಪಲಿಲ್ಲ. ವ್ಯಾಖ್ಯೆ ಇಲ್ಲದಿದ್ದರೆ ವಾದವೇ ನಿಲ್ಲಲ್ಲ ಅಂತ ಒಪ್ಪಿದರು.

ಬಾಲ್ ಮುಂದೆ ಇನ್ನೂ ಒಂದು ಹೆಜ್ಜೆ ಇಟ್ಟರು. 2, 6, 10, 14… ಇವು ಬೆಸ ಸಂಖ್ಯೆಯ ದುಪ್ಪಟ್ಟುಗಳು. ಶಾನ್ ಕಂಡದ್ದು ನಿಜವಾದ ಒಂದು ಗುಂಪು, ಹೆಸರು ಮಾತ್ರ ತಪ್ಪು. ಅದಕ್ಕೆ ‘ಶಾನ್ ಸಂಖ್ಯೆಗಳು’ ಅಂತ ಹೆಸರಿಟ್ಟರು. ಮಕ್ಕಳು ಅವುಗಳ ಗುಣ ಹುಡುಕೋಕೆ ಕೂತರು.

ಇಲ್ಲೇ ಜಗಳ. ಪಠ್ಯದಲ್ಲಿ ಇಲ್ಲದ ಹೆಸರು ಕೊಟ್ಟು ಮಕ್ಕಳನ್ನು ಗೊಂದಲಕ್ಕೆ ತಳ್ಳಿದರಾ? ಅಷ್ಟು ಹೊತ್ತಿನಲ್ಲಿ ಇನ್ನೊಂದು ಪಾಠ ಮುಗೀತಿತ್ತಲ್ಲ? ಈ ಅನುಮಾನಗಳನ್ನು ಬಾಲ್ ತಾವೇ 1993ರ ಲೇಖನದಲ್ಲಿ ಎತ್ತಿ ಚರ್ಚಿಸಿದ್ದಾರೆ. ಗಣಿತಕ್ಕೆ ನಿಷ್ಠೆ ಒಂದು ಕಡೆ, ಮಗುವಿನ ಯೋಚನೆಗೆ ಗೌರವ ಇನ್ನೊಂದು ಕಡೆ, ಎರಡೂ ಬೇಕು, ಎರಡೂ ಎಳೆಯುತ್ತವೆ. ನಂತರ ಕೊಟ್ಟ ಕಿರುಪರೀಕ್ಷೆಯಲ್ಲಿ ಸಮ-ಬೆಸದ ಬಗ್ಗೆ ಮಕ್ಕಳಿಗೆ ಗೊಂದಲ ಕಾಣಲಿಲ್ಲ ಅಂತಲೂ ಬರೆದಿದ್ದಾರೆ. ನನಗೆ ಮುಖ್ಯ ಅನಿಸೋದು ಬೇರೆ: ಶಾನ್ ಮಾತಿನಲ್ಲಿ ಬೆಲೆಯುಳ್ಳ ಗಣಿತ ಇದೆ ಅಂತ ಗುರುತಿಸೋಕೆ ಟೀಚರಿಗೆ ಗಣಿತ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ಬರೀ ತರಲೆ ಥರ ಕೇಳಿಸುತ್ತೆ.

ಅಳೆದು ನೋಡಿದಾಗ ಸಿಕ್ಕಿದ್ದು

ಕಥೆಗಳಿಂದ ನೀತಿ ರೂಪಿಸೋಕೆ ಆಗಲ್ಲ. ಬಾಲ್ ಮತ್ತು ಜೊತೆಗಾರರು ಈ ತಿಳಿವಳಿಕೆಯನ್ನು ಅಳೆಯುವ ಪ್ರಶ್ನೆಪತ್ರಿಕೆಗಳನ್ನು ರೂಪಿಸಿದರು. ಹೈಮನ್ ಬಾಸ್ ಅನ್ನುವ ದೊಡ್ಡ ಗಣಿತಜ್ಞರೊಬ್ಬರು ಈ ಕೆಲಸದಲ್ಲಿ ಕೈಜೋಡಿಸಿ, ಮೂರನೇ ಕ್ಲಾಸಿನ ಆ ವಿಡಿಯೋಗಳನ್ನು ಗಣಿತದ ಕಣ್ಣಿನಿಂದ ನೋಡಿದರು. ಪ್ರಶ್ನೆಗಳು ನಾನು ಮೇಲೆ ಕೊಟ್ಟಂಥವು: ಮಗು ಹೀಗೆ ಮಾಡಿದೆ, ಈ ವಿಧಾನ ಎಲ್ಲ ಸಂಖ್ಯೆಗೂ ನಡೆಯುತ್ತಾ?

2005ರಲ್ಲಿ ಹೆದರ್ ಹಿಲ್, ಬ್ರಯನ್ ರೋವನ್ ಮತ್ತು ಬಾಲ್ ಫಲಿತಾಂಶ ಪ್ರಕಟಿಸಿದರು. 115 ಶಾಲೆಗಳ ಒಂದನೇ ಮತ್ತು ಮೂರನೇ ತರಗತಿಗಳಲ್ಲಿ ನೋಡಿದಾಗ, ಈ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದ ಶಿಕ್ಷಕರ ಮಕ್ಕಳು ವರ್ಷದಲ್ಲಿ ಹೆಚ್ಚು ಕಲಿತಿದ್ದರು. ಮಕ್ಕಳ ಮನೆಯ ಆರ್ಥಿಕ ಸ್ಥಿತಿಯಂಥ ಅಂಶಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಇದೇ ತಂಡ ಇನ್ನೊಂದು ಕಹಿ ವಿಷಯವನ್ನೂ ಕಂಡಿತು: ಈ ತಿಳಿವಳಿಕೆ ಹೆಚ್ಚಿರುವ ಶಿಕ್ಷಕರು ಹೆಚ್ಚಾಗಿ ಬಿಳಿಯ ಮಕ್ಕಳಿಗೇ ಸಿಗುತ್ತಿದ್ದರು. ಅಂದರೆ ಆಸ್ತಿ ಹಂಚಿಕೆಯಾದ ದಾರಿಯಲ್ಲೇ ಒಳ್ಳೆಯ ಪಾಠವೂ ಹಂಚಿಕೆಯಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. 2016ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಪ್ರಕಟಿಸಿದ ಒಂದು ದೊಡ್ಡ ಪ್ರಯೋಗದಲ್ಲಿ ನಾಲ್ಕನೇ ತರಗತಿಯ ಶಿಕ್ಷಕರಿಗೆ 90ಕ್ಕೂ ಹೆಚ್ಚು ಗಂಟೆ ಗಣಿತದ ತರಬೇತಿ ಕೊಟ್ಟರು. ಶಿಕ್ಷಕರ ತಿಳಿವಳಿಕೆ ಏರಿತು. ಪಾಠದ ರೀತಿಯಲ್ಲೂ ಸ್ವಲ್ಪ ಸುಧಾರಣೆ ಕಂಡಿತು. ಮಕ್ಕಳ ಅಂಕ ಏರಲಿಲ್ಲ. ಈ ತಿಳಿವಳಿಕೆ ಇರುವವರು ಚೆನ್ನಾಗಿ ಕಲಿಸುತ್ತಾರೆ ಅನ್ನೋದು ಒಂದು ಮಾತು, ಬೇಸಿಗೆ ರಜೆಯಲ್ಲಿ ಶಿಬಿರ ಮಾಡಿ ಅದನ್ನು ಇಂಜೆಕ್ಷನ್ ಥರ ಚುಚ್ಚಬಹುದು ಅನ್ನೋದು ಇನ್ನೊಂದು ಮಾತು. ಮೊದಲನೇದಕ್ಕೆ ಸಾಕ್ಷ್ಯ ಇದೆ. ಎರಡನೇದಕ್ಕೆ ಈ ಪ್ರಯೋಗ ತಣ್ಣೀರು ಎರಚಿತು. ಲಿಪಿಂಗ್ ಮಾ ಕಂಡ ಆ ಕೋಣೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಶಿಬಿರ ಇರಲಿಲ್ಲ, ವರ್ಷಗಟ್ಟಲೆ ದಿನನಿತ್ಯದ ಮಾತುಕತೆ ಇತ್ತು.

ಒಂದೂವರೆ ನಿಮಿಷದ ರಾಜಕೀಯ

ಬಾಲ್ 2005ರಿಂದ 2016ರವರೆಗೆ ಮಿಷಿಗನ್ ಯೂನಿವರ್ಸಿಟಿಯ ಶಿಕ್ಷಣ ಶಾಲೆಯ ಡೀನ್ ಆಗಿದ್ದರು. ಆಗಲೂ ಪ್ರತಿ ಬೇಸಿಗೆಯಲ್ಲಿ ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ತಾವೇ ಪಾಠ ಮಾಡ್ತಿದ್ದರು, ಸುತ್ತ ಕೂತು ಬೇರೆ ಶಿಕ್ಷಕರು ನೋಡೋರು. ಆಪರೇಷನ್ ಥಿಯೇಟರಿನಲ್ಲಿ ಕಿರಿಯ ಡಾಕ್ಟರು ನಿಂತು ನೋಡಿದ ಹಾಗೆ.

2018ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕರ ಸಂಘದ ಅಧ್ಯಕ್ಷೆಯಾಗಿ ಮಾಡಿದ ಭಾಷಣದಲ್ಲಿ ಇಂಥದೇ ಒಂದು ತರಗತಿಯ ವಿಡಿಯೋ ತೋರಿಸಿದರು. ಒಬ್ಬ ಕಪ್ಪು ಹುಡುಗಿ ಬೋರ್ಡಿಗೆ ಬಂದು ಸಂಖ್ಯಾರೇಖೆಯ ಮೇಲೆ 1/3 ಇರಬೇಕಾದ ಜಾಗದಲ್ಲಿ 1/7 ಅಂತ ಬರೆದಳು. ಇನ್ನೊಬ್ಬ ಕಪ್ಪು ಹುಡುಗಿ, ಕೂದಲು ಸುತ್ತುತ್ತಾ, ಸಣ್ಣಗೆ ನಗುತ್ತಾ, ‘ಯಾಕೆ 1/7?’ ಅಂತ ಕೇಳಿದಳು. ಇಷ್ಟೇ. ಈ ಒಂದೂವರೆ ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಟೀಚರ್ ಹೀಗೂ ಮಾಡಬಹುದಿತ್ತು, ಹಾಗೂ ಮಾಡಬಹುದಿತ್ತು ಅನ್ನುವ 20 ಜಾಗಗಳನ್ನು ಬಾಲ್ ಗುರುತಿಸಿದರು.

ಬೋರ್ಡಿನ ಮುಂದಿನ ಹುಡುಗಿ ದಡ್ಡಿ ಅಂತ ತೀರ್ಮಾನಿಸಿ ಕೂರಿಸಬಹುದಿತ್ತು. ಪ್ರಶ್ನೆ ಕೇಳಿದವಳು ಕೊಬ್ಬಿನಿಂದ ನಗ್ತಿದ್ದಾಳೆ ಅಂತ ಗದರಬಹುದಿತ್ತು. ಅಮೆರಿಕದ ಶಾಲೆಗಳಲ್ಲಿ ಕಪ್ಪು ಹುಡುಗಿಯರ ನಗು, ಕೂದಲು, ದನಿ ಎಲ್ಲವನ್ನೂ ‘ಅಶಿಸ್ತು’ ಅಂತ ಓದುವ ಅಭ್ಯಾಸ ಹಳೆಯದು. ಹಾಗೆ ಓದದೆ ನೋಡಿದರೆ ಕಾಣೋದು ಏನು? ಒಬ್ಬಳು ತನ್ನ ಯೋಚನೆಯನ್ನು ಎಲ್ಲರ ಮುಂದೆ ಇಟ್ಟಿದ್ದಾಳೆ. ಇನ್ನೊಬ್ಬಳು ಗಣಿತದಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳಿದ್ದಾಳೆ.

ಜನಾಂಗಭೇದ ಬರೀ ಕಾನೂನಿನಲ್ಲಿ, ಅನುದಾನದಲ್ಲಿ ಇರೋದಲ್ಲ, ಇಂಥ 20 ಜಾಗಗಳಲ್ಲೂ ಉಸಿರಾಡುತ್ತೆ ಅನ್ನೋದು ಬಾಲ್ ವಾದ. ಯಾವ ಸುತ್ತೋಲೆಯೂ ಅಲ್ಲಿಗೆ ತಲುಪಲ್ಲ. ತಲುಪೋದು ಟೀಚರ್ ಒಬ್ಬರೇ. ಹಾಗಾಗಿ ಒಳ್ಳೆಯ ಟೀಚರ್ ‘ಹುಟ್ಟಿ ಬರ್ತಾರೆ’ ಅಂತ ಬಿಟ್ಟುಬಿಡೋಕೆ ಆಗಲ್ಲ. ಪೈಲಟ್ಟು, ಡಾಕ್ಟರಿಗೆ ಕಲಿಸಿದಷ್ಟೇ ಶಿಸ್ತಿನಿಂದ ಇದನ್ನೂ ಕಲಿಸಬೇಕು.

ನಮ್ಮಲ್ಲಿ ‘ಲೆಕ್ಕ ನಿನ್ ತಲೆಗೆ ಹತ್ತಲ್ಲ ಬಿಡು’ ಅನ್ನೋ ಮಾತು ಯಾರ ಕಿವಿಗೆ ಹೆಚ್ಚು ಬೀಳುತ್ತೆ ಅಂತ ಯೋಚನೆ ಮಾಡಿ. ಹುಡುಗಿಯರಿಗೆ, ಕೇರಿಯಿಂದ ಬಂದ ಮಕ್ಕಳಿಗೆ, ಮನೆಯಲ್ಲಿ ಲಂಬಾಣಿಯೋ ತುಳುವೋ ಉರ್ದುವೋ ಮಾತಾಡಿ ಕ್ಲಾಸಿನಲ್ಲಿ ಕನ್ನಡಕ್ಕೆ ತಡವರಿಸುವ ಮಕ್ಕಳಿಗೆ. 384 ಅಂತ ಬರೆದ ಮಗುವಿನ ತರ್ಕ ನೋಡದೆ ಅದರ ಮನೆತನ ನೋಡಿದರೆ, ‘ಇವರಿಗೆ ಇಷ್ಟೇ’ ಅನ್ನೋ ತೀರ್ಪು ಬಾಯಿಗೆ ಸಲೀಸಾಗಿ ಬರುತ್ತೆ.

ನಮ್ಮ ಜಗಳದಲ್ಲಿ ಕಾಣೆಯಾದದ್ದು

2024ರ ಅಸರ್ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಮಾಡಬಲ್ಲವರು ಶೇ 30.7. ಇಂಥ ಅಂಕಿ ಬಂದ ಕೂಡಲೇ ನಮ್ಮಲ್ಲಿ ಎರಡು ಗುಂಪು. ಒಂದು ಗುಂಪು ‘ಸರ್ಕಾರಿ ಮೇಷ್ಟ್ರುಗಳಿಗೆ ಸಂಬಳ ಜಾಸ್ತಿ, ಕೆಲಸ ಕಮ್ಮಿ’ ಅನ್ನುತ್ತೆ. ಇನ್ನೊಂದು ಗುಂಪು, ನಾನು ಸಾಮಾನ್ಯವಾಗಿ ನಿಲ್ಲುವ ಗುಂಪು, ‘ವ್ಯವಸ್ಥೆಯೇ ಸರಿಯಿಲ್ಲ, ಖಾಲಿ ಹುದ್ದೆ ತುಂಬಿ, ಅನುದಾನ ಕೊಡಿ’ ಅನ್ನುತ್ತೆ. ಎರಡನೇ ಮಾತು ನಿಜ. ಆದರೆ ಅದು ಶಾಲೆಯ ಬಾಗಿಲವರೆಗೆ ಬಂದು ನಿಂತುಬಿಡುತ್ತೆ. ಹುದ್ದೆ ತುಂಬಿತು, ಕೋಣೆ ಕಟ್ಟಿದ್ದಾಯಿತು, ಮೊಟ್ಟೆ ಕೊಟ್ಟಿದ್ದಾಯಿತು, ಆಮೇಲೆ ಮಗು 126 ಅಂತ ಬರೆದುಕೊಂಡು ಬಂದಾಗ ಒಳಗೆ ಏನು ನಡೆಯಬೇಕು?

ಬಾಲ್ ಮತ್ತು ಮಾ ಕೆಲಸ ಒಟ್ಟಿಗೆ ಓದಿದರೆ ಈ ಎರಡು ಗುಂಪಿನ ನಡುವೆ ಒಂದು ದಾರಿ ಕಾಣುತ್ತೆ. ಶಿಕ್ಷಕರ ತಿಳಿವಳಿಕೆ ಮುಖ್ಯ ಅನ್ನೋದು ಶಿಕ್ಷಕರನ್ನು ಬೈಯೋಕೆ ಕೋಲಲ್ಲ. ಆ ತಿಳಿವಳಿಕೆ ಬೆಳೆಯೋಕೆ ಸಮಯ ಬೇಕು, ಜೊತೆಗಾರರು ಬೇಕು, ಮಕ್ಕಳ ಸ್ಲೇಟು ಮುಂದಿಟ್ಟುಕೊಂಡು ಮಾತಾಡೋ ಜಾಗ ಬೇಕು. ಇವು ಮೂರೂ ಸರ್ಕಾರ ಕೊಡಬೇಕಾದವು.

ನಾವು ಕೊಡ್ತಿರೋದು ಏನು? 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದೆವು. ಆ ಸಮೀಕ್ಷೆ ಬೇಕಿತ್ತು ಅಂತ ವಾದಿಸುವವನು ನಾನು. ಆದರೆ ಸಾಮಾಜಿಕ ನ್ಯಾಯದ ಲೆಕ್ಕ ಹಾಕೋಕೆ ಬಡ ಮಕ್ಕಳ ಲೆಕ್ಕದ ಪಾಠವನ್ನೇ ನಿಲ್ಲಿಸಬೇಕಾಗಿ ಬಂದದ್ದು ಸಣ್ಣ ವಿಷಯ ಅಲ್ಲ. ಅದರ ಮೇಲೆ ಚುನಾವಣಾ ಕೆಲಸ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ. ಒಬ್ಬರೇ ಮೇಷ್ಟ್ರು ಇರುವ ಶಾಲೆಯಲ್ಲಿ ‘ಜೊತೆಗಾರರ ಜೊತೆ ಚರ್ಚೆ’ ಅನ್ನೋದೇ ತಮಾಷೆ.

ಆದರೂ ಒಂದು ಚೌಕಟ್ಟು ನಮ್ಮಲ್ಲಿ ಆಗಲೇ ಇದೆ: ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಸುತ್ತಲಿನ ಶಾಲೆಗಳ ಶಿಕ್ಷಕರು ಒಂದು ಕಡೆ ಸೇರುವ ಜಾಗ. ಅದರ ಅರ್ಧ ದಿನವನ್ನು ಸುತ್ತೋಲೆ ಓದೋಕೆ, ಮಾಹಿತಿ ಕೇಳೋಕೆ ಬಳಸದೆ, ಪ್ರತಿಯೊಬ್ಬರೂ ತಮ್ಮ ಕ್ಲಾಸಿನ ಐದು ತಪ್ಪು ಉತ್ತರಗಳನ್ನು ತಂದು ಮೇಜಿನ ಮೇಲೆ ಇಡಲಿ. ‘ಈ ಮಗು ಏನು ಯೋಚಿಸಿರಬಹುದು? ನಾಳೆ ಇದಕ್ಕೆ ಏನು ಕೇಳೋಣ?’ ಇಷ್ಟೇ ಅಜೆಂಡಾ. ಇದಕ್ಕೆ ಟ್ಯಾಬ್ಲೆಟ್ ಬೇಡ, ಆ್ಯಪ್ ಬೇಡ, ಹೊಸ ಯೋಜನೆಗೆ ಉದ್ದದ ಹೆಸರೂ ಬೇಡ. ಬೇಕಾದದ್ದು ಆ ಅರ್ಧ ದಿನ ಬೇರೆ ಯಾವ ಕೆಲಸಕ್ಕೂ ಕರೆಯಲ್ಲ ಅನ್ನುವ ಒಂದು ಆದೇಶ, ಮತ್ತು ತಪ್ಪು ಉತ್ತರ ತಂದು ತೋರಿಸಿದ ಶಿಕ್ಷಕರಿಗೆ ನೋಟಿಸ್ ಬರಲ್ಲ ಅನ್ನುವ ಧೈರ್ಯ.

ನೀವು ಶಾಲೆಗಳ ಪರವಾಗಿ ಮಾತಾಡುವವರಾದರೆ, ಮುಂದಿನ ಸಲ ನಿಮ್ಮೂರ ಎಸ್‌ಡಿಎಂಸಿ ಸಭೆಗೆ ಹೋದಾಗ ಕಾಂಪೌಂಡು, ಶೌಚಾಲಯ, ಖಾಲಿ ಹುದ್ದೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನೂ ಸೇರಿಸಿ: ನಮ್ಮ ಮೇಷ್ಟ್ರಿಗೆ, ಟೀಚರಮ್ಮನಿಗೆ ಮಕ್ಕಳ ತಪ್ಪು ಲೆಕ್ಕಗಳ ಬಗ್ಗೆ ಕೂತು ಮಾತಾಡೋಕೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತೆ? ಉತ್ತರ ಸೊನ್ನೆ ಅಂತ ಬಂದರೆ, ಶಾಸಕರ ಮುಂದೆ ಇಡೋಕೆ ನಿಮ್ಮ ಹತ್ತಿರ ಒಂದು ಬೇಡಿಕೆ ಸಿದ್ಧ ಇದೆ ಅಂತ ಅರ್ಥ.